ಹತ್ತು ಅಡ್ಡ, ಇಪ್ಪತ್ತು ಉದ್ದ

ನಾನು ನಿಂತಿದ್ದದ್ದು ಸಾಹೇಬರ ಕೋಣೆಯ ಬಾಗಿಲಿನ ಒಳಗೆ, ಎಡಗಡೆ. ಬೆನ್ನಿಗೆ ಫೈಲಿನ ಕಪಾಟು ತಾಗುತ್ತಿತ್ತು. ಮೇಜು ನನ್ನಿಂದ ನಾಲ್ಕು ಹೆಜ್ಜೆ ದೂರ. ದಸರೆಗೆ ಮೊದಲಿನ ಶನಿವಾರ, ಸಂಜೆ ಐದೂ ಮುಕ್ಕಾಲು. ಶಿಫ್ಟ್ ಮುಗಿದು ಹದಿನೈದು ನಿಮಿಷವಾಗಿತ್ತು. ಇದು ಎಂಟು ವರ್ಷದ ಹಿಂದಿನ ಮಾತು. ಮರಾಠಿ ಸೀಮೆಯ ಭೋಸರಿಯಲ್ಲಿ ತಗಡು ಕತ್ತರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಡೆದದ್ದು.

ಈಗ ಹದಿನೈದು ದಿನದ ಹಿಂದೆ ನಮ್ಮ ಸೊಸೈಟಿಯ ಗೇಟಿನ ಬಳಿ ಹಳೆಯ ಗ್ರಿಲ್ಲನ್ನು ಗ್ಯಾಸಿನಿಂದ ಕತ್ತರಿಸುತ್ತಿದ್ದರು. ಹಾಲು ತರಲು ಹೊರಟವನು ಆ ಸುಟ್ಟ ಕಬ್ಬಿಣದ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಕಾಕಾನ ಅಂಗಿಗೆ ಸದಾ ಇದೇ ವಾಸನೆ ಇರುತ್ತಿತ್ತು. ಭಾನುವಾರ ಸಂತೆಯಲ್ಲಿ ಸಿಕ್ಕರೂ...

ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ವಿಜಯಪುರದ ಕಡೆಯವರು, ಐವತ್ತು ದಾಟಿದ್ದರು. ನಮ್ಮಲ್ಲಿ ಬರುತ್ತಿದ್ದದ್ದು ನಾಲ್ಕಡಿ ಅಗಲ, ಎಂಟಡಿ ಉದ್ದದ ತಗಡು. ಯಾವ ತುಂಡಿನ ಪಕ್ಕ ಯಾವುದನ್ನು ಕೂರಿಸಿದರೆ ತಗಡು ಕಡಿಮೆ ಹಾಳಾಗುತ್ತದೆ ಎಂದು ಜೋಡಿಸಿ ನಕ್ಷೆ ಮಾಡಿಕೊಡುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದರು. ನಾನು ಕ್ವಾಲಿಟಿಯಲ್ಲಿದ್ದೆ, ಕತ್ತರಿಸಿ ಬಂದ ತುಂಡನ್ನು ಅಳೆದು ರಿಪೋರ್ಟ್ ಬರೆಯುತ್ತಿದ್ದೆ. ಅಳೆಯದ್ದನ್ನು ಬರೆಯಬಾರದು ಎಂಬುದು ಅಲ್ಲಿ ನನಗೆ ಕಲಿಸಿದ ಮೊದಲ ಪಾಠ.

ಆ ವರ್ಷ ಮಳೆಗಾಲದ ಕೊನೆಯಲ್ಲಿ ಊಟದ ಹೊತ್ತಿಗೆ ಕಾಕಾ ಒಂದು ಹಳೆಯ ಲ್ಯಾಪ್‌ಟಾಪ್ ತೆರೆದು ಕೂರತೊಡಗಿದರು. ವೀಡಿಯೊ ನೋಡಿಕೊಂಡು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದರು. ಒಂದು ದಿನ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತೆ. ಪರದೆಯ ತುಂಬ ಕಪ್ಪು ಚೌಕ, ಅದರ ಮೇಲೆ ಬೂದು ಗೆರೆಗಳು.

"ಏನ್ರಿ ಕಾಕಾ, ಇಲ್ಲೂ ಶೀಟ್ ಹಾಸೀರೇನ?" ಎಂದು ನಗೆಯಾಡಿದೆ.

"ಶೀಟಲ್ಲೋ ತಮ್ಮಾ. ಬ್ರಿಕ್ ಗೇಮ್ ಆಡಿಯಿಲ್ಲ ಸಣ್ಣಾವಿದ್ದಾಗ? ಮ್ಯಾಲಿಂದ ತುಂಡು ಬೀಳತಾವ, ಸಾಲು ತುಂಬಿದ್ರ ಅಳಿಸಿ ಹೋಗತದ. ಅದರ ಬೋರ್ಡ್ ಇದು."

"ಈ ವಯಸ್ಸಿನ್ಯಾಗ ಆಟದ ಹುಚ್ಚೇನ್ರಿ?"

"ನನಗಲ್ಲ ಮಾರಾಯ."

ಆಮೇಲೆ ದನಿ ಇಳಿಸಿ ಹೇಳಿದರು. ಹೆಂಡತಿಗೆ ಪಾರ್ಶ್ವವಾಯು ಬಡಿದು ಎಡಗೈ ಸೋತಿತ್ತು. ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು. "ಮೊಬೈಲ್‌ದಾಗಿನ್ವು ಭಾಳ ಜೋರ್ ಬೀಳತಾವ. ಆಕಿ ಬೆರಳು ಎತ್ತೂದ್ರಾಗ ಆಟ ಮುಗದಿರತದ. ನಾ ಮಾಡೂದು ನಿಧಾನ ಬೀಳಬೇಕು, ಒಂದ್ ಮನಿ ಇಳಿಯಾಕ ನಾಲ್ಕ್ ಸೆಕೆಂಡ್." ಲ್ಯಾಪ್‌ಟಾಪ್ ಮುಚ್ಚುತ್ತಾ, "ಇದನ್ನ ಯಾರ ಮುಂದನೂ ಅನಬ್ಯಾಡ. ಅಯ್ಯೋ ಪಾಪ ಅಂತ ಮನಿಗೆ ಬರತಾರ, ಆಕಿಗೆ ಸೇರೂದಿಲ್ಲ," ಎಂದರು.

ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು: ಹತ್ತು ಮನೆ ಅಡ್ಡ, ಇಪ್ಪತ್ತು ಮನೆ ಉದ್ದ. ಬದಿಯಲ್ಲಿ ಬೀಳಬೇಕಾದ ಏಳು ಆಕಾರಗಳು. ನಂತರ ಒಂದೊಂದು ಗೆರೆಯನ್ನು ಪರದೆಗೆ ತರುತ್ತಿದ್ದರು. ಹತ್ತು ಮನೆಗೆ ಹತ್ತೇ ಗೆರೆ ಎಳೆದಿದ್ದರಿಂದ ಬಲಗಡೆಯ ಅಂಚು ತೆರೆದೇ ಉಳಿದಿತ್ತು. "ಹನ್ನೊಂದು ಬೇಕಲ್ರಿ," ಎಂದು ತೋರಿಸಿದವನು ನಾನೇ. ಗೆರೆ ಸರಿಹೋದ ಮೇಲೆ ಮನೆಗೆ ಬಣ್ಣ ತುಂಬುವ ಸರದಿ. ಅಲ್ಲಿ ಕಾಕಾ ಸಿಕ್ಕಿಬಿದ್ದರು. ಮೇಲಿನ ಒಂದು ಮನೆಗೆ ನೀಲಿ ಕೊಟ್ಟರೆ ಅದರ ಕೆಳಗಿನ ಹತ್ತೊಂಬತ್ತೂ ಮನೆ ನೀಲಿಯಾಗುತ್ತಿದ್ದವು. ಕಾರಣ ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಇಪ್ಪತ್ತು ಸಾಲು ಬೇಕೆಂದು ಅವರು ಒಂದು ಸಾಲನ್ನು ಬರೆದು ಇಪ್ಪತ್ತರಿಂದ ಗುಣಿಸಿದ್ದರು. ಕಂಪ್ಯೂಟರು ಬೇರೆ ಬೇರೆ ಇಪ್ಪತ್ತು ಸಾಲು ಮಾಡದೆ ಅದೇ ಒಂದು ಸಾಲನ್ನು ಇಪ್ಪತ್ತು ಸಲ ತೋರಿಸುತ್ತಿತ್ತು. ಎಂಟು ದಿನ ಅವರು ಅಲ್ಲೇ ನಿಂತರು.

ಆ ಎಂಟು ದಿನದಲ್ಲೇ ಕಾರ್ಖಾನೆಯ ಗಾಳಿ ಕೆಟ್ಟಿತು. ಗುಜರಿಯವನ ಅಂಗಳದಲ್ಲಿ ಸಾಹೇಬರಿಗೆ ಒಂದು ತಗಡು ಕಂಡಿತ್ತು. ತುಂಡುಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುತ್ತದಲ್ಲ, ಬರೀ ತೂತುಗಳ ಆ ಜಾಳಿಗೆ. ಅದು ನಮ್ಮದಲ್ಲ, ಎರಡು ಗಲ್ಲಿಯಾಚೆಯ ಇನ್ನೊಂದು ಕಾರ್ಖಾನೆಯದು. ಆದರೆ ಜೋಡಣೆ ನಮ್ಮದೇ, ತೂತಿಗೆ ತೂತು. ಕಾಕಾ ಎರಡು ತುಂಡುಗಳ ನಡುವೆ ಮೂರನೆಯದನ್ನು ತಲೆಕೆಳಗಾಗಿ ತೂರಿಸುತ್ತಿದ್ದ ರೀತಿ ಕೂಡ. ನಕ್ಷೆ ಒಳಗಿನಿಂದಲೇ ಹೋಗಿದೆ ಎಂದು ಸಾಹೇಬರು ತೀರ್ಮಾನಿಸಿದರು.

ಮರುದಿನದಿಂದ ಗೇಟಿನಲ್ಲಿ ಚೀಲ ತಪಾಸಣೆ. ವಾಚ್‌ಮನ್ ಅಣ್ಣ ಸೋಲಾಪುರದವರು, ಕನ್ನಡ ಮಾತಾಡುವವರು. ಅವರಿಗೂ ಮುಜುಗರ. "ತಗಡು ಮಡಚಿ ಡಬ್ಬಿಯೊಳಗ ಇಟ್ಟೀರೇನ್ರಿ ಕಾಕಾ?" ಎಂದು ನಗಿಸುತ್ತಲೇ ರೊಟ್ಟಿ ಎತ್ತಿ ನೋಡುತ್ತಿದ್ದರು. ಇಬ್ಬರು ಮಾತಾಡುತ್ತಿದ್ದಲ್ಲಿಗೆ ಮೂರನೆಯವನು ಬಂದರೆ ಮಾತು ನಿಲ್ಲುತ್ತಿತ್ತು. ಝೆರಾಕ್ಸ್ ಯಂತ್ರದ ಹತ್ತಿರ ಯಾರು ಎಷ್ಟು ಹೊತ್ತು ನಿಂತರು ಎಂದು ನಾನೂ ಲೆಕ್ಕ ಇಡತೊಡಗಿದೆ. ಎಲ್ಲರ ಚೀಲ ನೋಡುವ ವಾಚ್‌ಮನ್ ಅಣ್ಣನ ಚೀಲವನ್ನು ಯಾರು ನೋಡುತ್ತಾರೆ ಎಂದೂ ಯೋಚಿಸಿದೆ. ಕಾಕಾ ಪೆನ್ ಡ್ರೈವನ್ನು ಕನ್ನಡಕದ ಡಬ್ಬಿಯಲ್ಲಿ ಇಡುವುದನ್ನು ಎರಡು ಸಲ ಕಂಡೆ. ಯಾಕೆ ಅಲ್ಲಿ? ಅವರ ಹೆಂಡತಿಯನ್ನು ನಾನು ನೋಡಿಯೇ ಇರಲಿಲ್ಲ. ಕೈ ಸೋತದ್ದು, ನಿಧಾನದ ಆಟ, ಎಲ್ಲವೂ ಅವರು ಹೇಳಿದ್ದು...

ಆ ಶನಿವಾರ ಗೇಟಿನಲ್ಲಿ ಸಿಕ್ಕಿದ್ದು ಅದೇ ಪೆನ್ ಡ್ರೈವು, ಗ್ರಾಫ್ ಹಾಳೆ. ಕೋಣೆಯಲ್ಲಿ ನಾಲ್ವರಿದ್ದೆವು: ಸಾಹೇಬರು, ಕಾಕಾ, ವಾಚ್‌ಮನ್ ಅಣ್ಣ, ಅಳತೆ ಬಲ್ಲವನೆಂದು ಕರೆಸಿಕೊಂಡ ನಾನು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಸಾಹೇಬರು ಲ್ಯಾಪ್‌ಟಾಪ್ ತೆರೆಸಿದರು. ಬೋರ್ಡ್ ಬಂತು. ಕಾಕಾ ಕೀಲಿ ಒತ್ತಿದರು. ಮೇಲಿನ ಸಾಲಿನ ಮೂರನೆಯ ಮನೆಯಿಂದ ಕೆಳಗಿನವರೆಗೆ ಒಂದು ನೀಲಿ ಪಟ್ಟಿ ಎದ್ದಿತು. ನಕ್ಷೆಯಲ್ಲಿ ತುಂಡುಗಳನ್ನು ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಜೋಡಿಸುವುದು ನಮ್ಮ ರೂಢಿ. ಅದು ಥೇಟ್ ಹಾಗೇ ಕಂಡಿತು.

"ಇದು ಆಟವಾ?"

"ಆಟವೇ ಸಾಹೇಬ."

"ಬೀಳುವ ತುಂಡುಗಳು ಎಲ್ಲಿ?"

"ಇನ್ನೂ ಬೀಳುತ್ತಿಲ್ಲ. ಬೋರ್ಡೇ ತಪ್ಪುತ್ತಿದೆ. ಯಾಕೆಂದು ಗೊತ್ತಾಗುತ್ತಿಲ್ಲ."

ಸಾಹೇಬರು ನನ್ನ ಕಡೆ ತಿರುಗಿದರು. "ಈ ಚೌಕದ ಅಳತೆ ಹೇಳು."

"ಹತ್ತು ಅಡ್ಡ, ಇಪ್ಪತ್ತು ಉದ್ದ. ಒಂದಕ್ಕೆ ಎರಡು."

"ನಮ್ಮ ಶೀಟು?"

"ಅದೂ ಒಂದಕ್ಕೆ ಎರಡು."

"ಆಟ ಓಡಿದ್ದನ್ನು ನೀನು ನೋಡಿದ್ದೀಯಾ?"

"ಇಲ್ಲ. ಬೋರ್ಡ್ ಮಾತ್ರ ನೋಡಿದ್ದೇನೆ."

"ಯಾರಿಗಾಗಿ ಮಾಡುತ್ತಿದ್ದಾನೆ?"

ಕಾಕಾ ನನ್ನನ್ನು ನೋಡಿದರು. ಹೇಳು ಎಂಬಂತಿತ್ತೋ, ಬೇಡ ಎಂಬಂತಿತ್ತೋ, ಇಂದಿಗೂ ನಿಶ್ಚಯವಿಲ್ಲ. "ಅವರು ಹೇಳಿದ್ದು ಗೊತ್ತು, ನಾನು ಕಂಡಿಲ್ಲ," ಎಂದೆ. ಅವರು ಏನು ಹೇಳಿದ್ದರು ಎಂದು ಸಾಹೇಬರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಾಕಾ ಲ್ಯಾಪ್‌ಟಾಪ್ ಮುಚ್ಚಿದರು. ಬಾಗಿಲು ದಾಟುವಾಗ ನನ್ನ ಪಕ್ಕ ಬಂದು ಕನ್ನಡದಲ್ಲಿ, "ಖರೇನ ಹೇಳಿದಿ ಬಿಡು, ತಮ್ಮಾ," ಎಂದರು. ಕುಹಕವಿರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತು.

ಕೆಲಸದಿಂದ ತೆಗೆದಾಗ ಅವರಿಗೆ ಕೊಟ್ಟ ಸೇವಾಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೇ ಇದ್ದವು. ನಡತೆ ಚೆನ್ನಾಗಿತ್ತು ಎಂಬ ಸಾಲು ಇರಲಿಲ್ಲ. ಭೋಸರಿಯಲ್ಲಿ ಆ ಸಾಲು ಇಲ್ಲದ ಕಾಗದಕ್ಕೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಅವರಿಗೆ ಯಾರೂ ಕೆಲಸ ಕೊಡಲಿಲ್ಲ.

ಆರು ತಿಂಗಳಾದ ಮೇಲೆ ಒಂದು ಬೆಸುಗೆಯ ಕೆಲಸಕ್ಕೆ ಹಳೆಯ ಕಬ್ಬಿಣ ತರಲೆಂದು ನಾನು ಅದೇ ಗುಜರಿಯವನಲ್ಲಿಗೆ ಹೋಗಿದ್ದೆ. ಅಲ್ಲಿ ಆಚೆಯ ಕಾರ್ಖಾನೆಯ ಇನ್ನೊಂದು ಜಾಳಿಗೆ ಬಿದ್ದಿತ್ತು. ಅದರ ಜೋಡಣೆ ಕಾಕಾ ಕೆಲಸ ಬಿಟ್ಟ ಮೇಲೆ ಹೊಸ ಸಾಫ್ಟ್‌ವೇರು ನಮಗೆ ಮಾಡಿಕೊಟ್ಟದ್ದು. ಹಾಗಾದರೆ ಇನ್ನೊಬ್ಬ ಕಳ್ಳನೂ ಇದ್ದಾನೆ ಎಂದುಕೊಂಡೆ. ಹೌದು, ಮೊದಲು ಬಂದ ಯೋಚನೆ ಅದೇ. ಕಾಕಾ ಕಳ್ಳರಲ್ಲ ಎಂದಲ್ಲ. ಆಗ ನಮ್ಮ ಲಾರಿ ಬಂತು. ವಾರದ ಜಾಳಿಗೆಗಳನ್ನು ಅಂಗಳದಲ್ಲಿ ಇಳಿಸಿತು, ಇಡೀ ಇಡಿಯಾಗಿ, ಎಲ್ಲರ ಕಣ್ಣೆದುರು. ಟೇಪು ಹಿಡಿದು ಯಾರು ಬೇಕಾದರೂ ಅಳೆದುಕೊಳ್ಳಬಹುದಿತ್ತು. ನಾವು ರೊಟ್ಟಿ ಎತ್ತಿ ಹುಡುಕಿದ ನಕ್ಷೆ ಪ್ರತಿ ಶನಿವಾರ ಗೇಟ್ ಪಾಸ್ ಸಮೇತ ಹೊರಗೆ ಹೋಗುತ್ತಿತ್ತು.

ಸಾಹೇಬರಿಗೆ ಹೇಳಿದೆ. "ಆತಾ ಕಶಾಲಾ?" ಎಂದರು. ಈಗ್ಯಾಕೆ ಆ ಮಾತು ಎಂದು. ಮುಂದಿನ ವಾರದಿಂದ ಜಾಳಿಗೆಯನ್ನು ನಾಲ್ಕು ತುಂಡು ಮಾಡಿ ಲಾರಿಗೆ ಹಾಕಿಸಿದರು. ಕಾಕಾನನ್ನು ಯಾರೂ ಕರೆಯಲಿಲ್ಲ. ಹೋಗಿ ಹೇಳಬೇಕಾದವನು ನಾನು. ಹೋದೆ ಕೂಡ, ಎರಡು ತಿಂಗಳು ತಡಮಾಡಿ. ಮನೆ ಖಾಲಿಯಾಗಿತ್ತು.

ಗ್ರಿಲ್ ಕತ್ತರಿಸಿದ ಮರುವಾರ ಲೋಕಲ್ ರೈಲು ಹಿಡಿದು ತಳೇಗಾಂವಕ್ಕೆ ಹೋದೆ. ವಾಚ್‌ಮನ್ ಅಣ್ಣ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಕಾಕಾ ಹೋದ ವರ್ಷ ತೀರಿಕೊಂಡರೆಂದು ಅವರಿಂದ ತಿಳಿಯಿತು. ಕೆಲಸ ಬಿಟ್ಟ ಎರಡನೆಯ ತಿಂಗಳೇ ಅಣ್ಣ ಅವರ ಮನೆಗೆ ಹೋಗಿದ್ದರಂತೆ, ತಪ್ಪಾಯಿತು ಎನ್ನಲು.

"ಆಟ ಇತ್ತೇನ್ರಿ?" ಎಂದೆ.

"ಇತ್ತಲ್ರಿ. ಅಕ್ಕಾರು ಆಡಾಕತ್ತಿದ್ರು."

"ತುಂಡು ಬೀಳತಿದ್ವಾ? ನೀವ ನೋಡೀರಾ?"

"ಬಾಜೂಕ ಕುಂತ ನೋಡೀನಿ. ಬೀಳತಿದ್ವು, ಆದ್ರ ಏನ್ ನಿಧಾನ್ರೀ ಅದು. ಒಂದ್ ತುಂಡು ತಳಾ ಮುಟ್ಟೂದ್ರಾಗ ನನ್ನ ಚಾ ಮುಗದಿತ್ತು. ಕಾಕಾ, ಇದಕ್ಕ ಹಿಂದಿಂದ ಯಾರರೆ ನೂಕ್ರಿ ಅಂದೆ. ಅಕ್ಕಾರು ನಕ್ಕರು."

ನನ್ನ ಮನಸ್ಸಿಗೆ ಅಲ್ಲೂ ಸಮಾಧಾನವಿಲ್ಲ. ಎಷ್ಟು ಗಂಟೆಗೆ, ಯಾವ ಕೈ, ಎಷ್ಟು ಬಣ್ಣ ಎಂದು ಕೇಳುತ್ತಾ ಹೋದೆ. ಅಣ್ಣ ಎಲ್ಲಕ್ಕೂ ಉತ್ತರಿಸಿದರು. ಕೊನೆಗೆ, "ಇನ್ನೂ ಚೀಲ ತಪಾಸಣೆ ಮಾಡಾಕತ್ತೀರೇನ್ರಿ?" ಎಂದರು.

ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಸಾಹೇಬರೂ ಈಗಿಲ್ಲ. ಉಳಿದವರು ವಾಚ್‌ಮನ್ ಅಣ್ಣ, ನಾನು. ಆಟ ಓಡಿದ್ದನ್ನು ಕಂಡು ಇನ್ನೂ ಬದುಕಿರುವವರು ಇಬ್ಬರು. ಒಬ್ಬರು ತಳೇಗಾಂವದ ಅಣ್ಣ. ಇನ್ನೊಬ್ಬರು ಕಾಕಾನ ಹೆಂಡತಿ. ಸೋಲಾಪುರದಲ್ಲಿ ತಂಗಿಯ ಮನೆಯಲ್ಲಿದ್ದಾರಂತೆ. ಎಡಗೈ ಈಗ ನೀರಿನ ಲೋಟ ಎತ್ತುವಷ್ಟು ಬಂದಿದೆಯಂತೆ.