ಲ್ಯಾನ್ ಕೇಬಲ್ ಮತ್ತು ಕುಪ್ಪೇಲೂರಿನ ಚೀಲ

ಬಾರ್‌ಕೋಡ್ ಪ್ರಿಂಟರಿನ ಹಿಂಬದಿಗೆ ಎರಡು ಕಿಂಡಿಗಳಿದ್ದವು. ಒಂದು ಯುಎಸ್‌ಬಿ, ಇನ್ನೊಂದು ಲ್ಯಾನ್. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಲೇಬಲ್ ಅಂಟಿಸುವ ಮೇಜು ನನ್ನದು. ಯುಎಸ್‌ಬಿ ವೈರು ನನ್ನ ಕಂಪ್ಯೂಟರಿಗೆ ಮಾತ್ರ ಇತ್ತು. ಪಕ್ಕದ ತೂಕದ ಕೋಣೆಯವರು ರೈತರ ವಿವರ ಕೂಗುತ್ತಿದ್ದರು, ನಾನು ಟೈಪ್ ಮಾಡಿ ಲೇಬಲ್ ತೆಗೆಯುತ್ತಿದ್ದೆ. ಆ ಕೂಗಾಟಕ್ಕೆ ತಲೆ ಚಿಟ್ಟು ಹಿಡಿದು, ಲ್ಯಾನ್ ಹಾಕಿಸಿದರೆ ಅವರೇ ಅಲ್ಲಿಂದ ಪ್ರಿಂಟ್ ಕೊಡಬಹುದು ಎಂದು ಮ್ಯಾನೇಜರರ ಬೆನ್ನು ಹತ್ತಿ ಒಪ್ಪಿಸಿದವನು ನಾನೇ.

ಕೇಬಲ್ ಎಳೆಯಲು ಬಂದ ಮೆಕ್ಯಾನಿಕ್ ಅವತ್ತೇ ಹೇಳಿದ್ದ: "ಸರ, ಯುಎಸ್‌ಬಿ ಇದ್ರ ಒಬ್ಬರ ಮಾತಷ್ಟ ಕೇಳ್ತೈತಿ. ಈಗ ಇಬ್ಬರ ಮಾತೂ ಕೇಳ್ತೈತಿ. ಮೊದ್ಲ ಬಂದಿದ್ದು ಯಾರದು ಅಂತ ನೀವ ನೋಡಬೇಕ್ರಿ."

"ಅಷ್ಟೂ ತಿಳಿಯೂದಿಲ್ಲೇನಪಾ ನಮಗ?" ಎಂದು ನಕ್ಕಿದ್ದೆ.

ಶುದ್ಧತೆಯ ಪರೀಕ್ಷೆ ಮಾಡುವವರಿಗೆ ಬೀಜ ಯಾರದೆಂದು ಗೊತ್ತಾಗಬಾರದೆಂದು ಲೇಬಲ್ ಮೇಲೆ ರೈತರ ಹೆಸರು ಇರುತ್ತಿರಲಿಲ್ಲ. ಬರೀ ಗೆರೆಗಳು, ಒಂದು ನಂಬರು. ಆ ನಂಬರನ್ನು ಕಂಪ್ಯೂಟರಿನ ನಂಬರಿಗೆ ತಾಳೆ ನೋಡಿಯೇ ಅಂಟಿಸಬೇಕು. ವರ್ಷಗಟ್ಟಲೆ ಪ್ರಿಂಟರ್ ನನ್ನ ಮಾತನ್ನಷ್ಟೇ ಕೇಳಿತ್ತಲ್ಲ, ತಾಳೆ ನೋಡುವ ರೂಢಿಯೇ ನನಗೆ ಬಿಟ್ಟುಹೋಗಿತ್ತು.

ಕುಪ್ಪೇಲೂರಿನಿಂದ ಟೊಮ್ಯಾಟೊ ಬೀಜ ತರುತ್ತಿದ್ದ ಒಬ್ಬ ಅಕ್ಕ ಇದ್ದಳು. ಮೊಗ್ಗು ಬಿಡಿಸಿ ಒಳಗಿನ ಗಂಡು ಕೇಸರವನ್ನು ಚಿಮಟಿಗೆಯಿಂದ ಕಿತ್ತು, ಬೇರೆ ಗಿಡದ ಪರಾಗ ಸವರುವ ಕೆಲಸ ಅದು. ಒಂದು ಎಳೆ ಉಳಿದರೂ ಬೀಜ ಕಲಬೆರಕೆಯಾಗುತ್ತದೆ. ಆಕೆಯ ಬೀಜ ಒಮ್ಮೆಯೂ ಕೆಟ್ಟಿರಲಿಲ್ಲ. ಹೊಸದಾಗಿ ಬಂದ ರೈತರಿಗೆ "ಆ ಅಕ್ಕನ ಹೊಲಕ್ಕ ಹೋಗಿ ನೋಡಿ ಬರ್ರಿ" ಎಂದೇ ಹೇಳುತ್ತಿದ್ದೆವು.

ಆ ಸಲ ಆಕೆಯ ಬೀಜ ಪರೀಕ್ಷೆಯಲ್ಲಿ ಫೇಲಾಯಿತು. ಆಕೆ ನನ್ನ ಮೇಜಿಗೇ ಬಂದು ನಿಂತಳು.

"ನನ್ನ ಕೈ ತಪ್ಪಿಲ್ರಿ ಅಣ್ಣಾರ. ಇನ್ನೊಮ್ಮೆ ನೋಡ್ರಿ."

"ಮಷೀನ್ ಕೊಟ್ಟ ನಂಬರ್ ಐತ್ರಿ ಅಕ್ಕಾರ. ಮಷೀನ್ ತಪ್ಪಂಗಿಲ್ಲ," ಎಂದೆ, ತಲೆ ಕೂಡ ಎತ್ತದೆ.

ಆಕೆ ಹೋದ ಮೇಲೆ ಯಾಕೋ ಸಮಾಧಾನವಾಗದೆ ಆಕೆ ಬೀಜ ತಂದ ದಿನದ ಪ್ರಿಂಟುಗಳ ಪಟ್ಟಿ ತೆರೆದೆ. ಆಕೆಯ ಚೀಲಕ್ಕೆಂದು ನಾನು ಪ್ರಿಂಟ್ ಕೊಡುವ ತುಸು ಮುಂಚೆ ತೂಕದ ಕೋಣೆಯಿಂದ ಇನ್ನೊಬ್ಬ ರೈತನ ಲೇಬಲ್ ಹೊರಟಿತ್ತು. ಮೊದಲು ಹೊರಬಂದದ್ದನ್ನು ಹರಿದು ಆಕೆಯ ಚೀಲಕ್ಕೆ ಅಂಟಿಸಿದ್ದೆ. ಆಕೆಯದು ಅವನ ಚೀಲಕ್ಕೆ ಹೋಗಿತ್ತು. ಹೊಲದಲ್ಲಿ ಬೇಜವಾಬ್ದಾರಿಗೆ ಬೈಸಿಕೊಂಡಿದ್ದ ಆತನಿಗೆ ಆ ವರ್ಷ ಭೇಷ್ ಎನಿಸಿಕೊಳ್ಳುವ ಭಾಗ್ಯ.

ಮ್ಯಾನೇಜರರ ಕೋಣೆ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಹೋಗಲಿಲ್ಲ. ಲ್ಯಾನ್ ಬೇಕೆಂದು ಹಟ ಹಿಡಿದವನು ಯಾವ ಮುಖ ಹೊತ್ತು ಹೋಗಲಿ? ಅದು ಹೇಡಿತನ, ಬೇರೆ ಹೆಸರಿಲ್ಲ. ಸಂಜೆ ಎಲ್ಲರೂ ಎದ್ದ ಮೇಲೆ ಲ್ಯಾನ್ ಕೇಬಲ್ ಕಿತ್ತು ಯುಎಸ್‌ಬಿ ಚುಚ್ಚಿದೆ. "ಅದು ಸರಿಯಾಗಿ ನಡೀವಲ್ದು" ಎಂದು ಮರುದಿನ ಎಲ್ಲರಿಗೂ ಹೇಳಿದೆ. ಆಕೆಗೆ ಮಾತ್ರ ಏನೂ ಹೇಳಲಿಲ್ಲ. ಮರುವರ್ಷ ಕಂಪನಿ ಆಕೆಗೆ ಬೀಜ ಬೆಳೆಯಲು ಕೊಡಲಿಲ್ಲ.

ಈಚೆಗೆ ಬ್ಯಾಡಗಿಯ ಬಸ್ಸಿನಲ್ಲಿ ಆಕೆ ನನ್ನ ಪಕ್ಕದಲ್ಲೇ ಬಂದು ಕುಳಿತಳು. ಗುರುತು ಹಿಡಿದು ತಾನೇ ಮಾತಾಡಿಸಿದಳು. ಬೇರೆ ಕಂಪನಿಯವರು ಮನೆತನಕ ಬಂದು ಕರೆದಿದ್ದರಂತೆ. ಇವಳೇ ಒಲ್ಲೆ ಎಂದಳಂತೆ.

"ಯಾಕ್ರಿ ಅಕ್ಕಾರ?"

"ನನಗ ಕಣ್ಣು ಮಂಜಾದ್ವು ಅನಸ್ತು. ಹಾವೇರಿಗೆ ಹೋಗಿ ತೋರಿಸಿದೆ. ಡಾಕ್ಟರ್ ಕಣ್ಣು ಚಲೋ ಅದಾವ ಅಂದ್ರು. ಆದ್ರ ಮಷೀನ್ ತಪ್ಪಂಗಿಲ್ಲ ಅಂತ ನೀವ ಹೇಳಿದ್ರಲ್ಲ. ಈಗ ಮೆಣಸಿನಕಾಯಿ ತೊಟ್ಟು ಬಿಡಿಸಾಕ ಹೋಗ್ತೇನ್ರಿ. ಇದಕ್ಕೇನು ಅಷ್ಟು ಕಣ್ಣು ಬೇಕಾಗೂದಿಲ್ಲ."

ಲೇಬಲ್ಲಿನ ವಿಷಯ ಹೇಳಿಬಿಡಬೇಕೆಂದು ಅವಳತ್ತ ತಿರುಗಿದೆ. ಕೊನೆಗೆ ಹೊರಬಿದ್ದದ್ದು ಇಷ್ಟೇ: "ನಿಮ್ಮ ಕಣ್ಣು ಚಲೋನ ಅದಾವ್ರಿ ಅಕ್ಕಾರ."

"ನೀವೂ ಡಾಕ್ಟರಂಗ ಸಮಾಧಾನ ಹೇಳ್ತೀರಿ," ಎಂದು ನಕ್ಕಳು.

ಬ್ಯಾಡಗಿ ಬಂತು. ಏಳುತ್ತಾ ನನ್ನ ಬಿಳಿ ಅಂಗಿಯ ತೋಳಿಗೆ ಅಂಟಿದ್ದ ಒಂದು ಬಿಳಿ ನೂಲಿನೆಳೆಯನ್ನು, ನನಗೇ ಕಾಣದಿದ್ದುದನ್ನು, ಎರಡು ಉಗುರಲ್ಲಿ ಹಿಡಿದು ತೆಗೆದು ಕಿಟಕಿಯಾಚೆ ಬಿಟ್ಟು ಇಳಿದು ಹೋದಳು.