ನಾಕಾದ ಬಾನಿ ಒಣಗಿದ ವರ್ಷ

ಸರಕಾರಕ್ಕೂ ಸಾಲವಾಗುತ್ತದೆ ಎಂಬ ಸಂಗತಿ ನನಗೆ ಮೊದಲು ತಿಳಿದದ್ದು ಧಾರವಾಡದ ನಮ್ಮ ಕಚೇರಿಯ ಹೆಡ್‌ಕ್ಲಾರ್ಕರ ಬಾಯಿಂದ. ಅಲ್ಲಿಯವರೆಗೆ ಸಾಲವೆಂಬುದು ನಮ್ಮಂಥವರ ಮನೆಗಷ್ಟೇ ಬರುವ ಅತಿಥಿ, ಚಕ್ರವರ್ತಿಗಳ ಬಾಗಿಲು ತಟ್ಟುವ ಧೈರ್ಯ ಅದಕ್ಕೆಲ್ಲಿ ಎಂದು ನಂಬಿಕೊಂಡಿದ್ದೆ. ಮೂವತ್ತರ ದಶಕದ ಆರಂಭ. ಹತ್ತಿಯ ಧಾರಣೆ ಬಿದ್ದು, ಹುಬ್ಬಳ್ಳಿಯ ಪೇಟೆ ನೆಗಡಿ ಬಂದವರಂತೆ ಮುಸುಕು ಹೊದ್ದು ಕುಳಿತಿತ್ತು.

"ಸರಕಾರದ ಉತ್ಪನ್ನ ಇಳದದ, ಸಾಲ ಏರ್ಯದ. ಖರ್ಚು ಕಡಿಮಿ ಮಾಡ್ರಿ ಅಂತ ಮ್ಯಾಲಿಂದ ಹುಕುಂ ಬಂದದ," ಎಂದರು ಹೆಡ್‌ಕ್ಲಾರ್ಕರು, ನಶ್ಯ ಏರಿಸುತ್ತ. "ಎಲ್ಲಾರ ಪಗಾರದಾಗೂ ಹತ್ತರಾಗ ಒಂದು ಪಾಲು ಹೋತು. ಇನ್ನ ಮುಂದ ಮಂದಿ ಹೋಗ್ತಾರ."

"ಯಾವ ಮಂದಿರಿ ರಾಯರ?"

"ಹಂಗಾಮಿ ಮಂದಿ."

ನಾನು ಹಂಗಾಮಿ. ಮೆಟ್ರಿಕ್ ಮುಗಿಸಿ ವರ್ಷಗಟ್ಟಲೆ ಅಲೆದ ಮೇಲೆ ಸಿಕ್ಕಿದ ಕೆಲಸ ಅದು. ಹೆಂಡತಿ ಆಗ ಬಸುರಿ. ಕೆಲಸ ಹೋದರೆ ಕೆಲಗೇರಿಯಲ್ಲಿದ್ದ ಮಾವನ ಮನೆಯೇ ಗತಿ. ಮಾವನವರು ಬಹಳ ಉದಾರಿಗಳು. ತಮ್ಮ ಔದಾರ್ಯವನ್ನು ಊಟಕ್ಕೆ ಕೂತಾಗಲೆಲ್ಲ ನೆನಪಿಸುವಷ್ಟು ಉದಾರಿಗಳು.

ನನ್ನ ಕೆಲಸ ಹುಬ್ಬಳ್ಳಿಯ ಹತ್ತಿರದ ಗಬ್ಬೂರಿನ ಆಚೆ, ರಸ್ತೆಯ ಟೋಲು ನಾಕಾದಲ್ಲಿ. ಧಾರಣೆ ಬಿದ್ದದ್ದರಿಂದ ನಾಕಾದ ಗುತ್ತಿಗೆ ಹಿಡಿಯಲು ಆ ವರ್ಷ ಒಬ್ಬನೂ ಬರಲಿಲ್ಲ, ಸರಕಾರವೇ ನಡೆಸಬೇಕಾಯಿತು. ಸರಕಾರವೆಂದರೆ ನಾವು ಮೂವರು: ಟೋಲಿನ ಹಣ ಎಣಿಸಿಕೊಂಡು ಪಾವತಿ ಚೀಟಿ ಹರಿದುಕೊಡುವ ನಾನು, ರಸ್ತೆಯ ಅಡ್ಡಗಟ್ಟಿಗೆ ಎತ್ತಿ ಇಳಿಸುವ ಸಿಪಾಯಿ, ಬಾವಿಯಿಂದ ನೀರು ಸೇದಿ ಕಲ್ಲುಬಾನಿ ತುಂಬುವ ಒಬ್ಬ ಮುದುಕ. ಹುಬ್ಬಳ್ಳಿಯ ಪೇಟೆಗೆ ಹೊರಟ ಕುಂದಗೋಳದ ಕಡೆಯ ಹತ್ತಿಗಾಡಿಗಳು ರಾತ್ರಿಯೆಲ್ಲ ನಡೆದು ಬೆಳಗಿನ ಜಾವಕ್ಕೆ ನಮ್ಮಲ್ಲಿಗೆ ಬರುತ್ತಿದ್ದವು. ಗಾಡಿಯವರು ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಗೊರಕೆ ಹೊಡೆಯುತ್ತಿದ್ದರೂ ಎತ್ತುಗಳು ನಾಕಾದೆದುರು ತಾವಾಗಿಯೇ ನಿಲ್ಲುತ್ತಿದ್ದವು. ಮೂಕ ಪ್ರಾಣಿಗಳಿಗೂ ರಾಜಾಜ್ಞೆಯ ಭಯವಿದೆಯಲ್ಲ ಎಂದು ನಾನು ರುಮಾಲು ಸರಿಮಾಡಿಕೊಳ್ಳುತ್ತಿದ್ದೆ.

ಕಡಿತದ ಕತ್ತರಿ ಮೊದಲು ಕಚೇರಿಯ ಪಂಖಾ ಎಳೆಯುವವನ ಚಳಿಗಾಲದ ಪಗಾರಕ್ಕೆ ತಗುಲಿತು. ಅದು ನ್ಯಾಯವೇ, ಚಳಿಗಾಲದಲ್ಲಿ ಗಾಳಿ ಬೇಡಿದವರು ಯಾರೂ ಇರಲಿಲ್ಲ. ಆಮೇಲೆ ನಮ್ಮ ನಾಕಾಕ್ಕೆ ಬಂದಿತು. ಎತ್ತಿಗೆ ನೀರು ಕೊಡುವುದು ಧರ್ಮಕಾರ್ಯ, ಸರಕಾರಿ ಕಾರ್ಯವಲ್ಲ ಎಂದು ಮುದುಕನನ್ನು ತೆಗೆದರು. ನಿಜ ಹೇಳಬೇಕೆಂದರೆ ನನಗೆ ಉಸಿರು ಬಂದಂತಾಯಿತು: ಹೋದವನು ನಾನಲ್ಲ.

"ನನ್ನ ಪಗಾರದಿಂದ ಸರಕಾರಕ್ಕ ಸಾಲ ಆಗಿತ್ತಂದ್ರ ಮೊದಲ ಹೇಳಬೇಕಿತ್ತಲ್ರಿ," ಎಂದ ಮುದುಕ, ಕಂಬಳಿ ಹೆಗಲಿಗೇರಿಸಿ. "ಅರ್ಧಾನ ತಗೋತಿದ್ದೆ." ಗೋಪನಕೊಪ್ಪದಲ್ಲಿದ್ದ ಮಗನ ಮನೆಗೆ ಹೊರಟುಹೋದ.

ಬಿಸಿಲು ಏರಿತು, ಬಾನಿ ಒಣಗಿತು, ಅದರ ಹಿಂದೆಯೇ ನಾಕಾದ ಉತ್ಪನ್ನವೂ ಒಣಗತೊಡಗಿತು. ವಾರದ ಹಣ ತುಂಬಲು ಧಾರವಾಡಕ್ಕೆ ಹೋದಾಗಲೆಲ್ಲ ಹೆಡ್‌ಕ್ಲಾರ್ಕರ ಮುಖ ಇನ್ನಷ್ಟು ಉದ್ದವಾಗಿರುತ್ತಿತ್ತು. ಕೊನೆಗೊಂದು ದಿನ, "ನಿಮ್ಮ ನಾಕಾದ ಉತ್ಪನ್ನ ನಿಮ್ಮ ಖರ್ಚಿಗೇ ಪೂರೈಸವಲ್ದು. ಸಾಹೇಬರು ಸ್ವತಃ ಬರ್ತಾರ. ನಾಕಾ ಇಡಬೇಕೋ ಮುಚ್ಚಬೇಕೋ ಆವತ್ತ ಠರಾಯಿಸ್ತಾರ," ಎಂದರು.

ಮನೆಯಲ್ಲಿ ಹೆಂಡತಿ ಸರಕಾರಕ್ಕಿಂತ ಮುಂಚೆಯೇ ಕಡಿತ ಆರಂಭಿಸಿದ್ದಳು. ಮಜ್ಜಿಗೆಯಲ್ಲಿ ಮಜ್ಜಿಗೆಯನ್ನು ಹುಡುಕಬೇಕಾಗಿತ್ತು. ಬಸುರಿ ಹೆಂಗಸು ತನ್ನ ಪಾಲಿನ ಹಾಲನ್ನೂ ಬಿಟ್ಟಿದ್ದಾಳೆಂದು ತಿಳಿದ ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಹತ್ತಿಯೇ ಬರುತ್ತಿಲ್ಲವೇನೋ ಎಂದು ನೋಡಲು ಮರುದಿನ ಹುಬ್ಬಳ್ಳಿಯ ಪೇಟೆಗೆ ಹೋದೆ. ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಾಡಿಗಳು. ಪರಿಚಯದ ಹಿರಿಯ ಗಾಡಿಯವನೊಬ್ಬ ಚಹಾ ಹೀರುತ್ತ ಕುಳಿತಿದ್ದ.

"ಏನ್ ಕಾಕಾ, ನಮ್ಮ ನಾಕಾ ಮರತ್ರೇನು? ಯಾವ ಹಾದೀಲೆ ಬಂದ್ರಿ?"

"ಹೊಲದ ಹಾದೀಲೆರಿ. ಅಲ್ಲಿ ಹಳ್ಳದ ಮಡುವಿನ್ಯಾಗ ನೀರೈತಿ."

"ಟೋಲು ತಪ್ಪಸಾಕ?"

"ನಾವೇನು ತಪ್ಪಸತೇವ್ರಿ, ಮಲಗಿರ್ತೇವಿ." ಅವನು ಬಸಿಯಲ್ಲಿದ್ದ ಚಹಾಕ್ಕೆ ನಿಧಾನವಾಗಿ ಊದಿದ. "ಎತ್ತು ನೀರಿದ್ದ ಕಡೆ ಹೊಳ್ಳತಾವ. ಮೊದಲ ನಿಮ್ಮ ಕಡೆ ಹೊಳ್ಳತಿದ್ದು, ಈಗ ಹಳ್ಳದ ಕಡೆ. ಬೇಕಾದ್ರ ಅವನ್ನ ಕಚೇರಿಗೆ ಕರಸಿ ಕೇಳ್ರಿ."

ಸುತ್ತಲಿದ್ದವರು ನಕ್ಕರು. ನನ್ನ ರುಮಾಲಿನ ಗೌರವ ಅಂದಿಗೆ ಮುಗಿಯಿತು. ಮನೆಗೆ ಬಂದು ಹೇಳಿದರೆ ಹೆಂಡತಿ ನಗಲಿಲ್ಲ.

"ಬಾವಿ ಅದ, ಹಗ್ಗ ಅದ. ನಿಮಗ ಕೈ ಇಲ್ಲೇನು?" ಎಂದಳು.

ಸಿಪಾಯಿಯನ್ನು ಕೇಳಿ ನೋಡಿದೆ. "ನನ್ನ ಹುಕುಮಿನ್ಯಾಗ ಬರೇ ಅಡ್ಡಗಟ್ಟಿಗಿ ಐತಿರಿ ಸಾಹೇಬ್ರ. ನೀರಿನ ಸುದ್ದಿ ಇಲ್ಲ," ಎಂದ. ಕಾನೂನಿನ ಇಷ್ಟು ಸೂಕ್ಷ್ಮ ಜ್ಞಾನ ಹೈಕೋರ್ಟಿನಲ್ಲೂ ಅಪರೂಪ. ಕೋಟು ಗೂಟಕ್ಕೆ ಹಾಕಿ, ಕಚ್ಚೆ ಬಿಗಿದು, ಬೆಳಕು ಹರಿಯುವ ಮುಂಚೆ ನಾನೇ ಸೇದತೊಡಗಿದೆ. ಅಂಗೈ ಬೊಬ್ಬೆ ಬಂದು ಪಾವತಿಗಳ ಅಕ್ಷರ ನಡುಗತೊಡಗಿತು. ತುಂಬಿದ ಬಾನಿಯ ಮುಂದೆ ಒಂದು ಕಾಗೆ ಕೂತು ನೀರು ಕುಡಿದು ಹೋಗುತ್ತಿತ್ತು, ಎತ್ತುಗಳ ಸುಳಿವಿರಲಿಲ್ಲ. ಒಮ್ಮೆ ಹಳ್ಳದ ರುಚಿ ಹತ್ತಿದ ಎತ್ತು ಹಳೆಯ ಬಾನಿಯನ್ನು ನೆನೆಸುವುದು ಯಾವಾಗ, ಸಾಹೇಬರು ಬರುವುದು ಯಾವಾಗ? ನನ್ನ ಸಂಸಾರವೆಲ್ಲ ಕುಂದಗೋಳದ ಎತ್ತುಗಳ ನೆನಪಿನ ಶಕ್ತಿಯ ಮೇಲೆ ನಿಂತಿತ್ತು.

ಹಳ್ಳದ ಮಡು ಬಿಸಿಲಿಗೆ ಕೆಸರಾದ ಮೇಲೆ ಒಂದೊಂದೇ ಗಾಡಿ ಹೊಳ್ಳಿ ಬರತೊಡಗಿತು. ಆಮೇಲೆ ಸಾಲುಗಟ್ಟಿ ಬಂದವು.

ಹೆಡ್‌ಕ್ಲಾರ್ಕರನ್ನು ಹಿಂದಿಟ್ಟುಕೊಂಡು ಸಾಹೇಬರು ಬಂದದ್ದು ಒಂದು ಮುಂಜಾನೆ. ಅವರು ಇಂಗ್ಲಿಷರಲ್ಲ, ನಮ್ಮ ಸೀಮೆಯವರೇ. ಪಾವತಿ ಪುಸ್ತಕ ತಿರುವಿ ಸಂತೋಷಪಟ್ಟರು.

"ನೋಡ್ರಿ ರಾಯರ, ನೀರಿನವನ್ನ ತಗದೇವಿ, ಆದ್ರೂ ಉತ್ಪನ್ನ ಮೊದಲಿನಷ್ಟ ಬಂದದ. ಸಾಲ ತೀರೂದು ಹಿಂಗ."

ಸುಮ್ಮನಿದ್ದರೆ, ನೀರಿಲ್ಲದೆಯೂ ನಾಕಾ ನಡೆಯುತ್ತದೆಂದು ಊರೂರಿನ ನೀರಿನವರನ್ನು ತೆಗೆಯುತ್ತಾರೆ. ಹೇಳಿದರೆ ನನ್ನ ಗತಿ ಏನೋ. ಅಷ್ಟರಲ್ಲಿ ಅವರ ಕಣ್ಣು ಬಾನಿಗೆ ಮೂತಿ ಇಟ್ಟ ಎತ್ತುಗಳ ಮೇಲೆ ಬಿದ್ದಿತು.

"ಮತ್ತ ಈ ನೀರು ಯಾರು ಹಾಕಿದ್ರು?"

"ನಾನ ಹಾಕೇನ್ರಿ." ನೀರು ನಿಂತದ್ದು, ಗಾಡಿ ಹೊಳ್ಳಿದ್ದು, ಎಲ್ಲ ಹೇಳಿದೆ. ಒಬ್ಬ ಮುದುಕನ ಪಗಾರ ಉಳಿಸಲು ಹೋಗಿ ಅದಕ್ಕಿಂತ ದೊಡ್ಡ ಗಂಟು ಹಳ್ಳದಲ್ಲಿ ಹೋಯಿತೆಂಬುದನ್ನೂ ಹೇಳಿದೆ.

ಸಾಹೇಬರು ಮೀಸೆ ತಿರುವಿದರು. "ಅಂದ್ರ, ಪಾವತಿ ಹರದು ನೀರೂ ಸೇದೂವಷ್ಟು ಬಿಡುವು ನಿಮಗದ ಅಂದಂಗಾತು."

ಹೆಡ್‌ಕ್ಲಾರ್ಕರು ಕೆಮ್ಮಿದರು. ಆ ಕೆಮ್ಮು ನನ್ನ ಪರವಾಗಿತ್ತೆಂದು ಇಂದಿಗೂ ನಂಬಿದ್ದೇನೆ, ಪರಿಣಾಮ ಕಾಣದಿದ್ದರೂ. ಹುಕುಂ ಬಂದಿತು: ನಾಕಾ ಇರಬೇಕು, ಕಾರಕೂನನನ್ನು, ಅಂದರೆ ನನ್ನನ್ನು, ಮೂರು ತಿಂಗಳಿಗೆ ಮುಂದುವರಿಸಬೇಕು, ಆತನೇ ನೀರನ್ನೂ ಅಡ್ಡಗಟ್ಟಿಗೆಯನ್ನೂ ನೋಡಿಕೊಳ್ಳತಕ್ಕದ್ದು. ಸಿಪಾಯಿ ಹೋದ. ಅವನ ಹುಕುಮಿನಲ್ಲಿ ಈಗ ಅಡ್ಡಗಟ್ಟಿಗೆಯೂ ಉಳಿದಿರಲಿಲ್ಲ.

ಹೆಂಡತಿ ಅಂದು ಒಂದು ಲೋಟ ಹಾಲು ಕುಡಿದಳು, ನಾನು ಎದುರು ಕುಳಿತು ಕುಡಿಸಿದೆ. "ಮೂರು ತಿಂಗಳು ಅಂದ್ರ ಕೂಸು ಹುಟ್ಟೂತನಕ," ಎಂದಳು.

ಸರಕಾರದ ಸಾಲ ಇಳಿಯಿತೇ ಎಂದು ಹೆಡ್‌ಕ್ಲಾರ್ಕರನ್ನು ಒಮ್ಮೆ ಕೇಳಿದ್ದೆ. "ಇಳದದ ಅಂತ ಇನ್ನೂ ಹುಕುಂ ಬಂದಿಲ್ಲ," ಎಂದರು. ನನಗೆ ಅದನ್ನು ವಿಚಾರಿಸುವಷ್ಟು ಪುರಸತ್ತೂ ಉಳಿಯಲಿಲ್ಲ. ಬೆಳಗಿನ ಜಾವ ನಾನು ಬಾವಿಕಟ್ಟೆಯ ಮೇಲೆ ನಿಂತು ಕೊಡ ಅರ್ಧ ಸೇದಿರುವಾಗ ರಸ್ತೆಯ ಕಡೆ ಗೆಜ್ಜೆ ಸದ್ದು ಕೇಳುತ್ತಿತ್ತು. ಹಗ್ಗ ಬಿಟ್ಟರೆ ನೀರಿಲ್ಲ, ಹಿಡಿದು ನಿಂತರೆ ಅಡ್ಡಗಟ್ಟಿಗೆಯ ಹತ್ತಿರ ಯಾರೂ ಇಲ್ಲ. ಕೈಯಲ್ಲಿ ಹಗ್ಗ ಬಿಗಿಹಿಡಿದು ಕಿವಿಗೊಟ್ಟು ನಿಲ್ಲುತ್ತಿದ್ದೆ: ಗಾಡಿ ನಿಂತಿತೋ, ಮುಂದೆ ಹೊರಟಿತೋ ಎಂದು.