ಹುಳದ ಮನೆಯಾಚೆಯ ಕಾಫಿ

ನನ್ನದೊಂದು ದೌರ್ಬಲ್ಯವಿದೆ, ಹೇಳಿಬಿಡುತ್ತೇನೆ. ಮನೆಯಲ್ಲಿ ಎಂಥ ಕಾಫಿ ಕೊಟ್ಟರೂ ತೆಪ್ಪಗೆ ಕುಡಿಯುವ ನನಗೆ ಊರಾಚೆ ಡೇರೆ ಹಾಕಿದರೆ ಮಾತ್ರ ಒಳ್ಳೆಯದೇ ಬೇಕು. ಕ್ಯಾಂಪಿಂಗ್ ಚೀಲಕ್ಕೆ ಮೊದಲು ತುಂಬುವುದು ಫಿಲ್ಟರು, ಆಮೇಲೆ ಪುಡಿಯ ಡಬ್ಬಿ. ಹೊದಿಕೆಯನ್ನು ಎಷ್ಟೋ ಸಲ ಮರೆತಿದ್ದೇನೆ. ಅಂತರಗಂಗೆ ಬೆಟ್ಟದಲ್ಲಿ ನಡುಗುತ್ತಾ ಕುಡಿದ ಕಾಫಿಯನ್ನು ವರ್ಣಿಸಿ ವರ್ಣಿಸಿ, ಈಗ ಗೆಳೆಯರು ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಾರೆ.

ಹಾಗಾಗಿ ಈ ಸಲ ಡೇರೆ ಹೊತ್ತು ಕೋಲಾರದಿಂದ ಸುಗಟೂರಿನ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕ ರೇಷ್ಮೆ ಹುಳ ಸಾಕುತ್ತಾಳೆ. ಹುಳಗಳು ಕೊನೆಯ ಸಲ ಪೊರೆ ಬಿಟ್ಟ ಮೇಲೆ ಗೂಡು ಕಟ್ಟುವವರೆಗೂ ಅವಕ್ಕೆ ತಿನ್ನುವುದೊಂದೇ ಕೆಲಸ, ಅಕ್ಕನಿಗೆ ತಿನ್ನಿಸುವುದೊಂದೇ ಕೆಲಸ. ಆ ದಿನಗಳಲ್ಲಿ ಅವಳು ತೋಟದ ಹುಳದ ಮನೆಯಲ್ಲೇ ಬಿಡಾರ ಹೂಡುತ್ತಾಳೆ. ನಾವು ದುಡ್ಡು ಕೊಟ್ಟು ಮಾಡುವ ಕ್ಯಾಂಪಿಂಗನ್ನು ಅವಳು ಪ್ರತಿ ಬೆಳೆಗೂ ಪುಕ್ಕಟೆ ಮಾಡುತ್ತಾಳೆ, ಫೋಟೋ ಮಾತ್ರ ಹಾಕುವುದಿಲ್ಲ.

ಹೋದವನೇ ಹುಳದ ಮನೆಯ ಕಿಟಕಿಯ ಪಕ್ಕ ಮೂರು ಕಲ್ಲಿಟ್ಟು ಕಡ್ಡಿ ಗೀರಿದೆ. ಒಳಗಿನಿಂದ ಅಕ್ಕ ಕೂಗಿಕೊಂಡಳು.

"ಅಯ್ಯೋ ನಾಯನಾ, ಆರಿಸೋ! ಹೊಗೆ ತಾಗಿದ್ರೆ ಹುಳ ಸೊಪ್ಪು ಮುಟ್ಟಲ್ಲ ಕಣೋ!"

ಊದುಬತ್ತಿಯನ್ನೂ ಸಹಿಸದ ಜೀವಗಳಂತೆ ಅವು. ಕಾಫಿಪುಡಿಯೂ ಇದೇ ಜಾತಿಯದು. ಇಂಗಿನ ಡಬ್ಬಿಯ ಪಕ್ಕ ಒಂದು ರಾತ್ರಿ ಕಳೆದರೆ ಸಾಕು, ಬೆಳಗಿನ ಕಾಫಿ ಸಾರಿನ ವಾಸನೆ ಹೊಡೆಯುತ್ತದೆ. ಇಂಥ ಇಬ್ಬರು ನಾಜೂಕಿನವರನ್ನು ಒಂದೇ ಕಡೆ ಇಟ್ಟುಕೊಳ್ಳುವುದು ಕಷ್ಟ. ಒಲೆಯನ್ನು ತೋಟದಾಚೆಯ ಹೊಂಗೆ ಮರದ ಕೆಳಕ್ಕೆ ಸಾಗಿಸಿದೆ.

"ಭಾವ ಎಲ್ಲಿ ಕಾಯಿಸ್ತಿದ್ರಕ್ಕಾ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ. ಭಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ಆ ಮರದ ಕೆಳಗೇನೇ," ಎಂದಳು ಅಕ್ಕ, ಸೊಪ್ಪು ಹರಡುತ್ತಲೇ. "ಅವರು ಒಲೆ ಹತ್ರ, ನಾನು ಹುಳದ ಹತ್ರ. ಇಲ್ಲಾಂದ್ರೆ ನಾನಲ್ಲಿ, ಅವರಿಲ್ಲಿ. ಹೊಗೆ ಕೈಯಲ್ಲಿ ಹುಳ ಮುಟ್ಟಂಗಿಲ್ವಲ್ಲ. ಈಗ ಒಬ್ಳೇ, ಕಾಫಿ ಬಿಟ್ಬಿಟ್ಟೆ. ಹುಳ ಇಲ್ದಿದ್ದಾಗ್ಲೂ ಬೇಕನಿಸಲ್ಲ."

ಹಾಲು ಉಕ್ಕಿದರೆ ಸಾಕು ಲೋಟ ಹಿಡಿದು ನಿಲ್ಲುತ್ತಿದ್ದವಳು ಅವಳು. ನನಗೆ ಸಂಕಟವಾಯಿತು. ಹೇಗಾದರೂ ಮಾಡಿ ಅವಳಿಗೆ ಒಂದು ಲೋಟ ಕಾಫಿ ಕುಡಿಸಿಯೇ ಹೊರಡುವುದೆಂದು ಹಟ ಹಿಡಿದೆ.

ಮಾರನೆಯ ಬೆಳಗ್ಗೆ, ಹಾಲಿನ ಡೇರಿಗೆ ಹೊರಟಿದ್ದ ಪಕ್ಕದ ತೋಟದವರನ್ನು ತಡೆದು ಹಾಲು ತಂದೆ. ಹುಳಗಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ಉರಿಸಿ, ನನ್ನ ವಿದ್ಯೆಯನ್ನೆಲ್ಲ ಬಸಿದು ಕಾಫಿ ಮಾಡಿದೆ. ಅಕ್ಕ ಬಾಗಿಲಾಚೆ ಬಂದು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಹಾಲಿಗೆ ಹೊಗೆ ಹಿಡ್ದದೆ. ಮುಚ್ಚಳ ಹಾಕ್ಲಿಲ್ವೇನೋ?"

ಸಂಜೆ ಮುಚ್ಚಳ ಹಾಕಿದೆ. ಹಾಲು ಉಕ್ಕಿ ಒಲೆಯೇ ಆರಿತು. ಉಳಿದದ್ದರಲ್ಲಿ ಮಾಡಿ ಕೊಟ್ಟರೆ, "ಡಿಕಾಕ್ಷನ್ನೂ ಕುದಿಸಿದ್ದೀಯಾ?" ಎಂದು ಲೋಟವನ್ನು ನನ್ನ ಕೈಗೇ ವಾಪಸು ಕೊಟ್ಟಳು. ಬೆಟ್ಟದ ಮೇಲೆ ಗೆಳೆಯರು ಇಷ್ಟು ವರ್ಷ ಸುಮ್ಮನೆ ಕುಡಿದದ್ದು ಬರೀ ದಾಕ್ಷಿಣ್ಯಕ್ಕೆಂದು ಆಗ ಹೊಳೆಯಿತು.

ಮೂರನೆಯ ಸಲ ನಾನು ಕಡ್ಡಿ ಜೋಡಿಸುವಷ್ಟರಲ್ಲಿ ಅವಳು ಬಾಗಿಲಿಗೆ ಬಂದಳು.

"ಲೇ, ಇಲ್ಲಿ ಬಾ. ಕೈ ತೊಳ್ಕೋ, ವಾಸ್ನೆ ಸೋಪು ಬೇಡ. ಸೊಪ್ಪು ತೆಳ್ಳಗೆ ಹರಡ್ತಾ ಇರು. ಅದೇನು ಕಾಫಿ ಅಂತ ಮಾಡ್ತೀಯೋ! ನಾನೇ ಮಾಡ್ತೀನಿ."

ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡ ಹುಳಗಳನ್ನು ನನ್ನಂಥವನ ಕೈಗೆ ಬಿಟ್ಟು ಅಕ್ಕ ಮರದ ಕಡೆ ನಡೆದಳು. ನಾನು ಉಸಿರು ಬಿಗಿಹಿಡಿದು ಸೊಪ್ಪು ಹರಡಿದೆ. ಕಿಟಕಿಯ ಜಾಲರಿಯಾಚೆ ಹೊಗೆ ಎದ್ದಿತು, ತೆಳುವಾಯಿತು, ನಿಂತೂ ಹೋಯಿತು. ಅವಳು ಮಾತ್ರ ಅಲ್ಲೇ ಕೂತಿದ್ದಳು. ಕಾಫಿಗೆ ಅಷ್ಟು ಹೊತ್ತು ಬೇಕಿಲ್ಲ. ನಾನು ಕರೆಯಲಿಲ್ಲ.

ಕೊನೆಗೆ ಅವಳೇ ಕೂಗಿದಳು. ಹೋಗಿ ನೋಡಿದರೆ ನನ್ನ ಪಾಲಿಗೆ ಅರ್ಧ ಲೋಟ ಉಳಿದಿತ್ತು.

"ಎರಡು ಸಲ ಕುಡಿದ್ಬಿಟ್ಟೆ ಕಣೋ," ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಹಾಳಾದ್ದು ಹೊಗೆ."

ಆ ಅರ್ಧ ಲೋಟ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ನಾನು ಯಾರ ಮುಂದೆಯೂ ವರ್ಣಿಸಿಲ್ಲ. ಮುಂದಿನ ಬೆಳೆಗೆ ಈಗಲೇ ರಜೆ ಬರೆದು ಕೊಟ್ಟಿದ್ದೇನೆ, ಸೊಪ್ಪು ಹರಡುವುದಕ್ಕೆ.